ಬಿವೈಡಿ ಸೀಲ್: ಒಂದು ಪರ್ಸೆಂಟ್‌ಗೆ ಐದು ಕಿಲೋಮೀಟರ್

ಕಾರು ಮನೆಗೆ ಬಂದ ದಿನದಿಂದ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ? ಪಕ್ಕದ ಮನೆಯವರು, ಆಫೀಸಿನವರು, ಮಂಗಳೂರಿನಲ್ಲಿರುವ ನಮ್ಮ ಮಾವ, ಎಲ್ಲರದ್ದೂ ಇದೇ. ಮೊದಮೊದಲು ನಾನೂ ಏನೋ ಒಂದು ಸಂಖ್ಯೆ ಹೇಳಿಬಿಡುತ್ತಿದ್ದೆ. ಈಗ ತಿರುಗಿ ಕೇಳುತ್ತೇನೆ: ಯಾವ ರಸ್ತೆ, ಯಾವ ತಿಂಗಳು, ಹೋಗುವಾಗಲೋ ಬರುವಾಗಲೋ? ಸರಿಯಾದ ಉತ್ತರ ನಿಜಕ್ಕೂ ಇದರ ಮೇಲೇ ನಿಂತಿದೆ.

ನಮ್ಮದು ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಕಾರು ಸೀಲ್, ಅದರಲ್ಲಿ ಪ್ರೀಮಿಯಂ ಎಂಬ ಮಾದರಿ. 82.56 ಯೂನಿಟ್ (ಕಿಲೋವ್ಯಾಟ್ ಅವರ್, ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್) ಬ್ಯಾಟರಿ, ಹಿಂದಿನ ಚಕ್ರಗಳಿಗೆ ಒಂದೇ ಮೋಟಾರ್, 19 ಇಂಚಿನ ಚಕ್ರ. ಭಾರತಕ್ಕೆ ಬಂದದ್ದು 2024ರ ಮಾರ್ಚ್‌ನಲ್ಲಿ, ಆಗ ಇದರ ಶೋರೂಂ ಬೆಲೆ 45.55 ಲಕ್ಷ. ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರುಗಳಿಗೆ 10% ಲೈಫ್ ಟ್ಯಾಕ್ಸ್ ಹಾಕಿದರು, ಹಾಗಾಗಿ ರಸ್ತೆಗೆ ಇಳಿಯುವಾಗ ಬೆಲೆ ಐವತ್ತು ಲಕ್ಷ ದಾಟಿತು. ಉದ್ದ 4.8 ಮೀಟರ್, ತೂಕ ಎರಡು ಟನ್‌ಗಿಂತ ಸ್ವಲ್ಪ ಜಾಸ್ತಿ. ಓಡಿಸಲು ಎಷ್ಟು ಚೆನ್ನಾಗಿದೆ ಎಂದು ಎಲ್ಲರೂ ಬರೆದಿದ್ದಾರೆ, ನಾನೂ ಒಪ್ಪುತ್ತೇನೆ. ಈ ಬರಹ ಕರೆಂಟಿನ ಲೆಕ್ಕದ್ದು ಮಾತ್ರ.

ಕಂಪನಿ ಹೇಳುವುದು 650 ಕಿ.ಮೀ. ಇದೇ ಕಾರು, ಇದೇ ಬ್ಯಾಟರಿ, ಯುರೋಪಿನಲ್ಲಿ 570 ಕಿ.ಮೀ. ಯಾರೂ ಸುಳ್ಳು ಹೇಳುತ್ತಿಲ್ಲ, ಪರೀಕ್ಷೆಯೇ ಬೇರೆ ಬೇರೆ. 650 ಬಂದದ್ದು ಎನ್‌ಇಡಿಸಿ ಎಂಬ ಹಳೇ ಪರೀಕ್ಷೆಯಲ್ಲಿ. ಲ್ಯಾಬ್‌ನಲ್ಲಿ ರೋಲರ್ ಮೇಲೆ ಹನ್ನೊಂದು ಕಿಲೋಮೀಟರ್, ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಒಳಗೆ, ಎಸಿ ಇಲ್ಲ. 570 ಬಂದದ್ದು ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆಯಲ್ಲಿ, ಅದರಲ್ಲಿ ವೇಗ 131ರವರೆಗೂ ಹೋಗುತ್ತದೆ. ನಮ್ಮ ರಸ್ತೆಗೆ ಹತ್ತಿರ ಇರುವುದು ಈ ಎರಡನೆಯದೇ. ಕಾರು ಕೊಳ್ಳುವ ಮೊದಲು ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಬೇಸರ ಕಡಿಮೆಯಾಗುತ್ತದೆ.

ನಾನು ಪರದೆಯ ಮೇಲೆ ಬರುವ ಕಿಲೋಮೀಟರ್ ಸಂಖ್ಯೆ ನೋಡುವುದನ್ನು ಬಿಟ್ಟಿದ್ದೇನೆ. ಎರಡೇ ನೋಡುವುದು: ಬ್ಯಾಟರಿ ಎಷ್ಟು ಪರ್ಸೆಂಟ್, ಮತ್ತು ನೂರು ಕಿಲೋಮೀಟರ್‌ಗೆ ಎಷ್ಟು ಯೂನಿಟ್. ಬ್ಯಾಟರಿ 82.56 ಯೂನಿಟ್ ಅಂದರೆ ಒಂದು ಪರ್ಸೆಂಟ್‌ನಲ್ಲಿ ಹತ್ತಿರ ಹತ್ತಿರ 0.83 ಯೂನಿಟ್. ನೂರು ಕಿ.ಮೀ.ಗೆ 16 ಯೂನಿಟ್ ಖರ್ಚಾದರೆ ಒಂದು ಪರ್ಸೆಂಟ್‌ಗೆ ಐದು ಕಿ.ಮೀ. ಸಿಗುತ್ತದೆ. ಮನೆಯಲ್ಲಿ ಈಗ ಎಲ್ಲರಿಗೂ ಈ ಲೆಕ್ಕ ಬಾಯಿಪಾಠ. ಹಿಂದೆ ಕೂತ ಮಗಳು "ಅಪ್ಪಾ, ಇನ್ನು ನಲವತ್ತಿದೆ, ಇನ್ನೂರು ಹೋಗಬಹುದು" ಅಂತಾಳೆ. ಈ ಐದು ಯಾವಾಗ ಆರಾಗುತ್ತದೆ, ಯಾವಾಗ ನಾಲ್ಕೂವರೆಗೆ ಇಳಿಯುತ್ತದೆ ಎಂಬುದಷ್ಟೇ ಉಳಿದ ವಿಷಯ.

ಊರೊಳಗಿನದ್ದು ಮೊದಲು ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ತಿಂಗಳಲ್ಲಿ ನನಗೆ ನೂರು ಕಿ.ಮೀ.ಗೆ 13.5 ಯೂನಿಟ್ ಬರುತ್ತದೆ. ಏಪ್ರಿಲ್‌ನಲ್ಲಿ ಅದೇ ರಾಜಾಜಿನಗರ, ಅದೇ ಔಟರ್ ರಿಂಗ್ ರೋಡ್, ಅದೇ ಹೊತ್ತು, 17 ಹತ್ತಿರ. ವ್ಯತ್ಯಾಸ ಪೂರ್ತಿ ಎಸಿಯದ್ದು. ಎಸಿ ಗಂಟೆಗೆ ಒಂದು, ಒಂದೂವರೆ ಯೂನಿಟ್ ತಿನ್ನುತ್ತದೆ. ಹೆದ್ದಾರಿಯಲ್ಲಿ ನೂರು ಕಿ.ಮೀ. ಒಂದೂಕಾಲು ಗಂಟೆಯಲ್ಲಿ ಮುಗಿಯುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ, ಆದರೆ ನಮ್ಮ ಟ್ರಾಫಿಕ್‌ನಲ್ಲಿ ನೂರು ಕಿ.ಮೀ. ಅಂದರೆ ಐದು ಆರು ಗಂಟೆ, ಎಸಿಗೇ ಐದಾರು ಯೂನಿಟ್ ಹೋಗಿಬಿಡುತ್ತದೆ. ಟ್ರಾಫಿಕ್‌ನಲ್ಲಿ ಎಲೆಕ್ಟ್ರಿಕ್ ಕಾರು ಕರೆಂಟೇ ತಿನ್ನುವುದಿಲ್ಲ ಅಂತಾರಲ್ಲ, ಅದು ಮೋಟಾರಿಗೆ ಸರಿ, ಎಸಿಗೆ ಅಲ್ಲ. ಬೇಸಿಗೆಯಲ್ಲಿ ಚಾರ್ಜರ್ ಸಿಕ್ಕಿಸಿರುವಾಗಲೇ ಮೊಬೈಲ್‌ನಿಂದ ಎಸಿ ಹಾಕಿ ಕಾರು ತಣ್ಣಗೆ ಮಾಡಿಕೊಂಡು ಹೊರಡಿ. ಸಣ್ಣ ಓಡಾಟದಲ್ಲಿ ಇದರಿಂದ ನಿಜವಾಗಿ ಉಳಿಯುತ್ತದೆ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ, ಮಂಗಳೂರು ದಾರಿ.

ಹೆಂಡತಿಯ ತವರು ಮಂಗಳೂರು. ಒಂದು ಕಡೆಗೆ 350 ಕಿ.ಮೀ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ, ಬಿ.ಸಿ. ರೋಡ್. ಈ ದಾರಿಯ ವಿಶೇಷ ಏನೆಂದರೆ ಬೆಂಗಳೂರಿನಿಂದ ಸಕಲೇಶಪುರದವರೆಗೆ ನಾವು ಹೆಚ್ಚುಕಡಿಮೆ ಸಮುದ್ರ ಮಟ್ಟಕ್ಕಿಂತ 800, 900 ಮೀಟರ್ ಎತ್ತರದಲ್ಲೇ ಇರುತ್ತೇವೆ. ಆಮೇಲೆ ಇಪ್ಪತ್ತೈದು ಕಿ.ಮೀ. ಆಸುಪಾಸಿನ ಘಾಟಿಯಲ್ಲಿ ಅಷ್ಟೂ ಎತ್ತರ ಒಂದೇ ಸಲಕ್ಕೆ ಕರಗಿಹೋಗುತ್ತದೆ.

ಹೋದ ಸಲ ಬೆಳಗ್ಗೆ ಐದಕ್ಕೆ ನೂರು ಪರ್ಸೆಂಟ್‌ನೊಂದಿಗೆ ಹೊರಟೆವು. ನಾಲ್ಕು ಜನ, ಎಸಿ 24ರಲ್ಲಿ, ವೇಗ 80ರಿಂದ 100. ಸಕಲೇಶಪುರಕ್ಕೆ ಬಂದಾಗ 60 ಪರ್ಸೆಂಟ್. ಘಾಟಿ ಇಳಿದು ಗುಂಡ್ಯಕ್ಕೆ ಬಂದಾಗ 59. ಅಂದರೆ ಅಷ್ಟು ದೂರಕ್ಕೆ ಬರೀ ಒಂದು ಪರ್ಸೆಂಟ್, ದಾರಿಗೆ ಖರ್ಚಾದದ್ದರಲ್ಲಿ ಬಹುಪಾಲು ಇಳಿಜಾರೇ ವಾಪಸ್ ಕೊಟ್ಟಿತ್ತು. ರೀಜನ್ (ವೇಗ ಇಳಿಸುವಾಗ ಮೋಟಾರೇ ಕರೆಂಟ್ ಮಾಡುವ ವ್ಯವಸ್ಥೆ) ಜಾಸ್ತಿ ಇಟ್ಟುಕೊಂಡರೆ ಕಾಲು ಬ್ರೇಕಿನ ಮೇಲೆ ಹೋಗುವುದೇ ಅಪರೂಪ, ಮೋಟಾರೇ ಕಾರನ್ನು ಹಿಡಿಯುತ್ತದೆ, ಆ ಹಿಡಿತದಿಂದಲೇ ಬ್ಯಾಟರಿ ತುಂಬುತ್ತದೆ. ಡೀಸೆಲ್ ಕಾರಿನಲ್ಲಿ ಇದೇ ತಿರುವುಗಳಲ್ಲಿ ಬ್ರೇಕ್ ಸುಟ್ಟ ವಾಸನೆ ಕುಡಿದವನಿಗೆ ಇದು ಎಷ್ಟು ನೆಮ್ಮದಿ ಅಂತ ಹೇಳಲಾರೆ. ಮಾವನ ಮನೆ ಮುಂದೆ ನಿಲ್ಲಿಸಿದಾಗ 44 ಪರ್ಸೆಂಟ್ ಉಳಿದಿತ್ತು. ಲೆಕ್ಕ ಹಾಕಿದರೆ ನೂರಕ್ಕೆ 13.2 ಯೂನಿಟ್. ಒಂದು ಪರ್ಸೆಂಟ್‌ಗೆ ಆರು ಕಿ.ಮೀ.ಗೂ ಮೇಲೆ. ಮಾವ ಕೇಳಿದರು, "ಹಾಗಾದ್ರೆ ಆರುನೂರು ಹೋಗ್ತದಲ್ಲ ಮಾರಾಯ್ರೆ?" ಬರುವಾಗ ನೋಡೋಣ ಮಾವ ಅಂದೆ.

ಬರುವಾಗ ಹಿಂದೆ ಡಿಕ್ಕಿ ತುಂಬ ತೆಂಗಿನಕಾಯಿ, ಕುಚ್ಚಲಕ್ಕಿ, ಎರಡು ಹಲಸು. ಉಪ್ಪಿನಂಗಡಿಯಿಂದಲೇ ಮಳೆ. ಅದೇ ಕಾರು, ಅದೇ ನಾಲ್ಕು ಜನ, ಅದೇ ವೇಗ. ಘಾಟಿಯೊಂದೇ ಹತ್ತು ಪರ್ಸೆಂಟ್‌ಗೂ ಸ್ವಲ್ಪ ಜಾಸ್ತಿ ತಿಂದಿತು. ಆ ಇಪ್ಪತ್ತೈದು ಕಿ.ಮೀ.ಗೆ ಪರದೆ ನೂರಕ್ಕೆ 30 ಯೂನಿಟ್ ದಾಟಿ ತೋರಿಸುತ್ತದೆ, ಗಾಬರಿ ಆಗಬೇಡಿ. ಜನ, ಸಾಮಾನು ಸೇರಿ ಎರಡೂಕಾಲು ಟನ್ ದಾಟಿದ ಭಾರವನ್ನು 900 ಮೀಟರ್ ಎತ್ತುವುದಕ್ಕೆ ಬರೀ ಎತ್ತುವ ಲೆಕ್ಕದಲ್ಲೇ ಹತ್ತಿರ ಆರು ಯೂನಿಟ್ ಬೇಕು. ಯಾರು ಓಡಿಸಿದರೂ, ಎಷ್ಟು ನಿಧಾನ ಹೋದರೂ, ಅದು ಬೇಕೇ ಬೇಕು. ಒದ್ದೆ ರಸ್ತೆ ಬೇರೆ ಚಕ್ರವನ್ನು ಹಿಡಿಯುತ್ತದೆ, ಟೈರು ನೀರು ತಳ್ಳಿಕೊಂಡು ಹೋಗಬೇಕಲ್ವಾ. ನೂರು ಪರ್ಸೆಂಟ್‌ನಿಂದ ಹೊರಟವರು ರಾಜಾಜಿನಗರಕ್ಕೆ ಬಂದಾಗ 27 ಪರ್ಸೆಂಟ್. ನೂರಕ್ಕೆ 17.2 ಯೂನಿಟ್.

ಹೋಗುವಾಗ 13.2, ಬರುವಾಗ 17.2. ಒಂದೇ ರಸ್ತೆ! ಎರಡನ್ನೂ ಸೇರಿಸಿದರೆ 15.2, ಅಂದರೆ ಒಂದು ಚಾರ್ಜ್‌ಗೆ 540 ಕಿ.ಮೀ. ಇದೇ ನನ್ನ ಮಟ್ಟಿಗೆ ಈ ಕಾರಿನ ನಿಜವಾದ ಸಂಖ್ಯೆ. ಹೋಗುವಾಗಿನದ್ದು ಮಾತ್ರ ಫೋಟೋ ತೆಗೆದು ಹಾಕಿ 'ಆರುನೂರು ದಾಟಿತು' ಅಂತ ಬರೆಯುವವರನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಅದನ್ನು ನಂಬಿ ಬರುವ ದಾರಿಯಲ್ಲಿ ಸಣ್ಣ ಮಕ್ಕಳನ್ನು ಕೂರಿಸಿಕೊಂಡು ಒದ್ದಾಡುವವರು ಬೇರೆ ಯಾರೋ ಇರುತ್ತಾರೆ.

ಘಾಟಿಯ ಬಗ್ಗೆ ಇನ್ನೊಂದು ಮಾತು. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ಹೋಂಸ್ಟೇನಲ್ಲಿ ರಾತ್ರಿ ಉಳಿದು, ಅಲ್ಲೇ ನೂರು ಪರ್ಸೆಂಟ್ ತುಂಬಿಸಿ ಬೆಳಗ್ಗೆ ಕರಾವಳಿಗೆ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ಹಾಕಲು ಜಾಗವೇ ಇರುವುದಿಲ್ಲ, ರೀಜನ್ ಕಡಿಮೆಯಾಗುತ್ತದೆ, ಮತ್ತೆ ಬ್ರೇಕಿಗೇ ಕೆಲಸ. ತೊಂಬತ್ತಕ್ಕೆ ನಿಲ್ಲಿಸಿ ಸಾಕು.

ಹುಬ್ಬಳ್ಳಿ ದಾರಿ ಬೇರೆ ಪಾಠ ಕಲಿಸಿತು. ತುಮಕೂರು ದಾಟಿದ ಮೇಲೆ ರಸ್ತೆ ಅಗಲ, ನೇರ, ಕಾಲು ತಾನಾಗಿ ಒತ್ತುತ್ತದೆ. ಸಮತಟ್ಟಿನಲ್ಲಿ, ಗಾಳಿ ಇಲ್ಲದಾಗ, ಇಬ್ಬರೇ ಇದ್ದಾಗ ನಾನು ಅಳೆದದ್ದು ಹೀಗೆ: 80ರಲ್ಲಿ 13 ಯೂನಿಟ್, 100ರಲ್ಲಿ 15.5. 100 ಅಲ್ಲಿನ ಮಿತಿ, ಅದಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ಗಾಳಿಯ ತಡೆ ವೇಗದ ಜೊತೆ ಸಮವಾಗಿ ಏರುವುದಿಲ್ಲ, ವೇಗ ಒಂದೂಕಾಲು ಪಟ್ಟಾದರೆ ತಡೆ ಒಂದೂವರೆ ಪಟ್ಟಿಗೂ ಮೇಲೆ. ಸೀಲ್ ತಗ್ಗಾಗಿ, ನುಣುಪಾಗಿ ಇರುವುದರಿಂದ ಬಚಾವು. ಎತ್ತರದ ಎಸ್‌ಯುವಿ ಆಗಿದ್ದರೆ ಇದೇ ಬ್ಯಾಟರಿಯಲ್ಲಿ ಇಷ್ಟು ದೂರ ಬರುತ್ತಿರಲಿಲ್ಲ. ಸೆಡಾನ್ ಕೊಂಡಿದ್ದಕ್ಕೆ ನನಗೆ ಇರುವ ದೊಡ್ಡ ಸಮಾಧಾನ ಇದೇ.

ಆದರೆ ಜೂನ್ ಕೊನೆಯಲ್ಲಿ ಹೋದಾಗ 100ರಲ್ಲೇ 18.6 ತೋರಿಸಿತು. ಟೈರ್ ಗಾಳಿ ನೋಡಿದೆ, ಸರಿಯಾಗಿತ್ತು. ಏನಾಯಿತಪ್ಪಾ ಅಂತ ಯೋಚಿಸುತ್ತಾ ಚಿತ್ರದುರ್ಗದ ಹತ್ತಿರ ಬಂದಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಉತ್ತರ ಕಣ್ಣ ಮುಂದೆಯೇ ಇತ್ತು. ಅಲ್ಲಿ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಗಾಳಿ ಇದೆ ಅಂತಲೇ. ಎದುರಿನಿಂದ 20 ಕಿ.ಮೀ. ವೇಗದ ಗಾಳಿ ಬಂದರೆ ಕಾರಿಗೆ ಅದು 120ರಲ್ಲಿ ಹೋದ ಹಾಗೆ. ಆ ದಿನ ನನ್ನ ಐದು ಕಿ.ಮೀ. ನಾಲ್ಕೂವರೆಗೂ ಕೆಳಗೆ ಹೋಯಿತು. ವೇಗ 85ಕ್ಕೆ ಇಳಿಸಿದೆ, ದಾವಣಗೆರೆಯಲ್ಲಿ ಊಟದ ಹೊತ್ತಿಗೆ ಸ್ವಲ್ಪ ಚಾರ್ಜ್ ಮಾಡಿಕೊಂಡೆ. ಮುಂಗಾರಿನಲ್ಲಿ ಆ ಕಡೆ ಹೋಗುವವರು ಇಪ್ಪತ್ತು ಪರ್ಸೆಂಟ್ ಜಾಸ್ತಿ ಖರ್ಚು ಹಿಡಿದುಕೊಂಡೇ ಹೊರಡಿ.

ಹೆದ್ದಾರಿ ಚಾರ್ಜಿಂಗ್ ಬಗ್ಗೆ ಚಿಕ್ಕದಾಗಿ. ಕಾರು 150 ಕಿಲೋವ್ಯಾಟ್‌ವರೆಗೆ ಎಳೆಯುತ್ತದೆ, ಆದರೆ ನನಗೆ ದಾರಿಯಲ್ಲಿ ಹೆಚ್ಚಾಗಿ ಸಿಕ್ಕಿದ್ದು 30 ಅಥವಾ 60ರ ಚಾರ್ಜರ್. ಇಪ್ಪತ್ತರಿಂದ ಎಂಬತ್ತಕ್ಕೆ 50 ಯೂನಿಟ್ ಬೇಕು. 60ರಲ್ಲಿ ಸುಮಾರು ಒಂದು ಗಂಟೆ, ತಿಂಡಿ ಕಾಫಿಗೆ ಸರಿಹೋಗುತ್ತದೆ. 30ರಲ್ಲಿ ಎರಡು ಗಂಟೆ ಹತ್ತಿರ, ಅದು ಕಷ್ಟ. ಒಮ್ಮೆ ಒಂದು ಹೋಟೆಲ್ ಪಕ್ಕದ ಸ್ಟೇಷನ್‌ನಲ್ಲಿ ಎರಡು ಗನ್‌ನಲ್ಲಿ (ಕಾರಿಗೆ ಸಿಕ್ಕಿಸುವ ಪ್ಲಗ್) ಒಂದು ಕೆಟ್ಟಿತ್ತು, ಇನ್ನೊಂದಕ್ಕೆ ಎರಡು ಟ್ಯಾಕ್ಸಿ ಕ್ಯೂ. ಆ್ಯಪ್‌ನಲ್ಲಿ ಮಾತ್ರ ಎರಡೂ ಹಸಿರು. ಅವತ್ತು ನನ್ನ ಹತ್ತಿರ 35 ಪರ್ಸೆಂಟ್ ಇತ್ತು, ಮುಂದಿನದಕ್ಕೆ ಹೋದೆ. ಹತ್ತು ಪರ್ಸೆಂಟ್ ಇದ್ದಿದ್ದರೆ ರಾತ್ರಿ ಅಲ್ಲೇ ಕಾಯಬೇಕಿತ್ತು. ಅವತ್ತಿನಿಂದ 25ಕ್ಕಿಂತ ಕೆಳಗೆ ಹೋಗುವ ಮೊದಲೇ ಚಾರ್ಜರ್ ಹುಡುಕುತ್ತೇನೆ.

ಖರ್ಚಿನ ಲೆಕ್ಕದಲ್ಲಿ ಬಹಳ ಜನ ತಪ್ಪುವ ಒಂದು ಜಾಗವಿದೆ. ಪರದೆಯಲ್ಲಿ ಕಾಣುವುದು ಬ್ಯಾಟರಿಯಿಂದ ಹೊರಬಿದ್ದ ಯೂನಿಟ್. ಬಿಲ್ ಬರುವುದು ಗೋಡೆಯಿಂದ ಎಳೆದ ಯೂನಿಟ್‌ಗೆ. ನಾನು ಚಾರ್ಜರಿಗೆ ಬೇರೆ ಮೀಟರ್ ಹಾಕಿಸಿ ನೋಡಿದೆ, ಹತ್ತು ಪರ್ಸೆಂಟ್ ಹತ್ತಿರ ವ್ಯತ್ಯಾಸ. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಕರೆಂಟ್ ಅದು. ಆದ್ದರಿಂದ ನನ್ನ 15.2 ಅಂದರೆ ಮೀಟರಿನಲ್ಲಿ 16.7. ಮನೆ ಕರೆಂಟು ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ನೂರು ಕಿ.ಮೀ.ಗೆ 117 ರೂಪಾಯಿ. ಹೆದ್ದಾರಿಯಲ್ಲಿ ನಾನು ಕೊಟ್ಟದ್ದು ಯೂನಿಟ್‌ಗೆ 22, ಅದರ ಮೇಲೆ 18% ಜಿಎಸ್‌ಟಿ, ಅಲ್ಲಿಗೆ ನೂರು ಕಿ.ಮೀ.ಗೆ ನಾನೂರರ ಆಸುಪಾಸು ಆಗುತ್ತದೆ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲ ಇಲ್ಲದವರು ಇದನ್ನು ಯೋಚಿಸಿಯೇ ಕೊಳ್ಳಿ. 7 ಕಿಲೋವ್ಯಾಟ್ ಚಾರ್ಜರಿನಲ್ಲಿ ಖಾಲಿಯಿಂದ ತುಂಬಲು ಹನ್ನೆರಡು ಹದಿಮೂರು ಗಂಟೆ ಬೇಕು, ಅದಕ್ಕೆ ಮನೆಯ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) ಹೆಚ್ಚಿಸಿಕೊಳ್ಳಬೇಕಾಗಬಹುದು. ಮಾವನ ಮನೆಯಲ್ಲಿ 15 ಆಂಪ್ ಸಾಕೆಟ್ ಅಷ್ಟೇ, ಎರಡು ರಾತ್ರಿ ಉಳಿದರೆ 44ರಿಂದ ನೂರಾಗುತ್ತದೆ. ಅತ್ತೆಗೆ ಅದೇ ಖುಷಿ, ಕಾರಿನ ನೆಪದಲ್ಲಿ ಮಗಳು ಇನ್ನೊಂದು ದಿನ ಉಳಿಯುತ್ತಾಳೆ.

ಕೊನೆಗೆ, ಕಡಿಮೆ ಬೆಲೆಯ 61.44 ಯೂನಿಟ್‌ನ ಸೀಲ್ ಡೈನಾಮಿಕ್ ಮಾದರಿ ಸಾಕಾಗುತ್ತದಾ ಎಂದು ಇಬ್ಬರು ಮೂವರು ಕೇಳಿದ್ದಾರೆ. ನನ್ನ ಬರುವ ದಾರಿಯ ಲೆಕ್ಕವನ್ನೇ ಇಟ್ಟು ನೋಡಿ. ಮಂಗಳೂರಿನಿಂದ ಬೆಂಗಳೂರಿಗೆ 60 ಯೂನಿಟ್ ಹೋಯಿತು. ಆ ಕಾರು ಸ್ವಲ್ಪ ಹಗುರ, 56, 57ರಲ್ಲಿ ಬರಬಹುದು ಅಂದುಕೊಂಡರೂ ಮನೆ ಸೇರುವಾಗ ಏಳೆಂಟು ಪರ್ಸೆಂಟ್ ಉಳಿಯುತ್ತದೆ. ಮಳೆಯಲ್ಲಿ, ರಾತ್ರಿಯಲ್ಲಿ, ಮನೆಯವರನ್ನು ಕೂರಿಸಿಕೊಂಡು ನಾನು ಹಾಗೆ ಬರಲಾರೆ, ಹಾಸನದಲ್ಲಿ ನಿಲ್ಲಲೇಬೇಕು. ನಿಮ್ಮ ಊರು ಮೈಸೂರು, ತುಮಕೂರು, ಮಂಡ್ಯ ಕಡೆಯಾದರೆ ಡೈನಾಮಿಕ್ ತಗೊಳ್ಳಿ, 2024ರ ಬೆಲೆಯಲ್ಲಿ ನಾಲ್ಕೂವರೆ ಲಕ್ಷ ಉಳಿಯುತ್ತಿತ್ತು. ಊರು ಘಾಟಿಯ ಕೆಳಗಿದ್ದರೆ ಪ್ರೀಮಿಯಂ.