ಸುಂಟಿಕೊಪ್ಪದ ತೋಟದಲ್ಲಿ ಬಾಕ್ಸ್‌ಟರ್: ಎಂಟು ವರ್ಷದ ಅನುಭವ

ಗಾಡಿ 2013ರ ಪೋರ್ಷೆ ಬಾಕ್ಸ್‌ಟರ್, ಇಬ್ಬರು ಕೂರುವ ಸ್ಪೋರ್ಟ್ಸ್ ಕಾರು, ಅಭಿಮಾನಿಗಳು 981 ಅಂತ ಕರೆಯುವ ತಲೆಮಾರು. 2017ರ ಜನವರಿಯಲ್ಲಿ ಬೆಂಗಳೂರಿನ ಮೊದಲ ಮಾಲೀಕರಿಂದ ಕೊಂಡಾಗ 14 ಸಾವಿರ ಕಿ.ಮೀ. ಓಡಿತ್ತು, ಈಗ 58 ಸಾವಿರ ದಾಟಿದೆ. ನನಗೆ 61 ವರ್ಷ. ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟ, ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. 2015–16ರಲ್ಲಿ ಕರಿಮೆಣಸು ಕಿಲೋಗೆ 700 ರೂಪಾಯಿಯ ಆಸುಪಾಸು ಮುಟ್ಟಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಆ ದುಡ್ಡಲ್ಲಿ ಸಾಲ ತೀರಿಸಿದೆ, ಉಳಿದದ್ದಕ್ಕೆ ಮೂವತ್ತು ವರ್ಷದ ಉಳಿತಾಯ ಸೇರಿಸಿ ಇದನ್ನು ಮನೆಗೆ ತಂದೆ.

ಇಷ್ಟು ವರ್ಷದಲ್ಲಿ ಜನ ನನ್ನನ್ನು ಹೆಚ್ಚಾಗಿ ಕೇಳಿದ್ದು ಮೈಲೇಜನ್ನಲ್ಲ. "ಮಗನ ಗಾಡಿಯಾ ಆಂಟಿ?" ಅಂತ. ಪೆಟ್ರೋಲ್ ಬಂಕಿನಲ್ಲಿ, ಕುಶಾಲನಗರದ ತರಕಾರಿ ಅಂಗಡಿ ಮುಂದೆ, ಮದುವೆ ಮಂಟಪದ ಅಂಗಳದಲ್ಲಿ, ಎಲ್ಲ ಕಡೆ ಇದೇ. ನನಗೆ ಮಗನಿಲ್ಲ. ನನ್ನದೇ ಅಂದರೆ ಒಂದು ಕ್ಷಣ ಮೌನ, ಆಮೇಲೆ "ಈ ವಯಸ್ಸಲ್ಲಾ?" ನೆಂಟರು ಇನ್ನೂ ನೇರ: "ಇದೆಲ್ಲ ಬೇಕಿತ್ತಾ ಅಕ್ಕಾ, ಹಾಯಾಗಿ ಒಂದು ಇನ್ನೋವಾ ತಗೊಳ್ಳಬಹುದಿತ್ತು."

ಈಗ ತಂಗಿಯ ಮಗಳು ಓಡಿಸುತ್ತಾಳೆ. ಅವಳಿಗೆ 19. ಅವಳನ್ನು ಕೇಳುವುದು "ಅಪ್ಪನ ಗಾಡಿಯಾ?" ಅಂತ. ಅದೇ ಗಾಡಿ, ಅದೇ ನಂಬರ್ ಪ್ಲೇಟು. ನಾನು ಕೂತರೆ ಹೋದ ಹರೆಯವನ್ನು ಹುಡುಕುವವಳು, ಅವಳು ಕೂತರೆ ಅಪ್ಪನ ದುಡ್ಡು ಸುಡುವವಳು. ಇವೆರಡೂ ನಮಗೆ ನೋವು ಕೊಟ್ಟಿವೆ. ನನ್ನ ವಯಸ್ಸಿನವರ ಕೈಯಲ್ಲೇ ಇಂಥ ಗಾಡಿ ಹೆಚ್ಚು ಕಾಣುವುದಕ್ಕೆ ಕಾರಣ ಬಹಳ ಸರಳ. ಇಬ್ಬರಷ್ಟೇ ಕೂರುವ ಗಾಡಿಯನ್ನು ಶಾಲೆಯ ಫೀಸು, ಮನೆಯ ಸಾಲ, ಅತ್ತೆ ಮಾವನ ಆಸ್ಪತ್ರೆ ಎಲ್ಲ ಮುಗಿಯುವ ಮೊದಲು ಕೊಳ್ಳಲು ಎಷ್ಟು ಜನರಿಂದಾಗುತ್ತದೆ? ಆಸೆ ಇಪ್ಪತ್ತಕ್ಕೇ ಹುಟ್ಟಿರುತ್ತದೆ. ದುಡ್ಡು ತಡವಾಗಿ ಬರುತ್ತದೆ, ಅಷ್ಟೇ.

ಇನ್ನು ಗಾಡಿ. 2.7 ಲೀಟರ್ ಎಂಜಿನ್, ಆರು ಸಿಲಿಂಡರ್ ಮೂರು ಮೂರರಂತೆ ಎದುರುಬದುರಾಗಿ ಮಲಗಿವೆ. ಇಂಥ ಎಂಜಿನ್ನಿಗೆ ಬಾಕ್ಸರ್ ಅನ್ನುತ್ತಾರೆ, ತೆರೆದ ಗಾಡಿಗೆ ರೋಡ್‌ಸ್ಟರ್. ಎರಡೂ ಸೇರಿ ಬಾಕ್ಸ್‌ಟರ್ ಆಯಿತು. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇಲ್ಲ. 265 ಪಿಎಸ್ ಶಕ್ತಿ ಸಿಗುವುದು 6,700 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ನನ್ನು ಮೇಲಕ್ಕೆ ಎಳೆದು ಓಡಿಸಬೇಕು. 2016ರಲ್ಲಿ ಬಂದ 718 ಮಾದರಿಯಲ್ಲಿ ನಾಲ್ಕು ಸಿಲಿಂಡರಿನ ಟರ್ಬೊ ಹಾಕಿದರು. ಅದು ಇದಕ್ಕಿಂತ ವೇಗದ ಗಾಡಿ, ಆದರೆ ಈ ದನಿ ಅದಕ್ಕಿಲ್ಲ. ಸಂಪಾಜೆ ಕಡೆಯಿಂದ ಮಡಿಕೇರಿಗೆ ಹತ್ತುವಾಗ ಎಡಕ್ಕೆ ಗುಡ್ಡದ ಗೋಡೆ, ಟಾಪ್ (ಮಡಚುವ ಮೇಲ್ಛಾವಣಿ) ತೆರೆದಿದೆ, ಎರಡನೇ ಗೇರ್: ಆ ದನಿ ಗೋಡೆಗೆ ತಾಗಿ ಕಿವಿಗೆ ಮರಳುತ್ತದೆ. ಅದಕ್ಕೆ ನೂರರ ಮೇಲಿನ ವೇಗ ಬೇಡ, ಐವತ್ತು ಸಾಕು.

ಎಂಜಿನ್ ಇರುವುದು ಸೀಟಿನ ಬೆನ್ನಿಗೇ, ಹಿಂದಿನ ಚಕ್ರಗಳ ಮುಂದೆ. ಭಾರ ನಡುವಿಗೆ ಬರುವುದರಿಂದ ತಿರುವಿನಲ್ಲಿ ಗಾಡಿ ನಿಮ್ಮ ಸೊಂಟದ ಸುತ್ತಲೇ ತಿರುಗಿದ ಹಾಗೆ ಅನ್ನಿಸುತ್ತದೆ. ಸುಖ ಇರುವುದು ಇಲ್ಲಿ, ಅಪಾಯವೂ ಇಲ್ಲೇ. ಒದ್ದೆ ರಸ್ತೆಯ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಭಾರ ಮುಂದಕ್ಕೆ ಓಡುತ್ತದೆ, ಹಿಂಭಾಗ ಹಗುರಾಗಿ ಜಾರಲು ನೋಡುತ್ತದೆ. ಜಾರುವುದನ್ನು ತಡೆಯುವ ಪಿಎಸ್‌ಎಂ ವ್ಯವಸ್ಥೆ ಹಿಡಿದು ನಿಲ್ಲಿಸುತ್ತದೆ ನಿಜ, ಅದನ್ನೇ ನಂಬಿ ಓಡಿಸಬಾರದು. ಬ್ರೇಕ್ ಏನಿದ್ದರೂ ತಿರುವಿಗೆ ಮೊದಲು. ಒಳಗೆ ಹೋದ ಮೇಲೆ ಕಾಲು ಅಲುಗಬಾರದು.

ಟಾಪ್ 9 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ, 50 ಕಿ.ಮೀ. ವೇಗದವರೆಗೆ ಓಡುತ್ತಿರುವಾಗಲೂ. ಕೊಡಗಿನಲ್ಲಿ ಇದು ಶೋಕಿಗೆ ಮೀರಿದ ಉಪಯೋಗ. ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂ ಮಳೆ ಬಿದ್ದು ವಾರ ಕಳೆದ ಮೇಲೆ ರೊಬಸ್ಟಾ ಹೂವಿನ ಪರಿಮಳ ರಸ್ತೆಗೇ ಬಂದು ನಿಂತಿರುತ್ತದೆ. ಮೂರು ನಾಲ್ಕು ದಿನದ ಭಾಗ್ಯ ಅದು. ಇನ್ನೊಂದು, ಸಿದ್ದಾಪುರ, ಅಮ್ಮತ್ತಿ ಕಡೆ ಬೆಳಗಿನ ಹೊತ್ತು ಹೋಗುವಾಗ ಆನೆ ಕಣ್ಣಿಗೆ ಬೀಳುವ ಮೊದಲೇ ವಾಸನೆ ಬರುತ್ತದೆ, ಕೊಂಬೆ ಮುರಿಯುವ ಸದ್ದು ಕೇಳುತ್ತದೆ. ಗಾಜು ಏರಿಸಿ ಏಸಿ ಹಾಕಿಕೊಂಡವರಿಗೆ ಇದು ತಿಳಿಯುವುದಿಲ್ಲ. ಎರಡು ಸಲ ನಾನು ದೂರದಲ್ಲೇ ನಿಂತು ಹಿಂದೆ ಸರಿದದ್ದು ಮೂಗಿನಿಂದ.

ಈ ಗಾಡಿಯನ್ನು ನಾನು ಮಾರದೆ ಇಟ್ಟುಕೊಂಡಿರುವ ನಿಜವಾದ ಕಾರಣವನ್ನು ಈಗ ಹೇಳುತ್ತೇನೆ.

ನನಗೆ ಡ್ರೈವಿಂಗ್ ಕಲಿಸಿದ್ದು ಅಪ್ಪ, ಹಳೇ ವಿಲ್ಲಿಸ್ ಜೀಪಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ. ಆ ಜೀಪಿನ ಮೊದಲ ಗೇರಿಗೆ, ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊಮೆಷ್ ಇಲ್ಲ, ಡಬಲ್ ಕ್ಲಚ್ (ಒಂದು ಗೇರಿಗೆ ಎರಡು ಸಲ ಕ್ಲಚ್) ಒತ್ತದಿದ್ದರೆ ಗರಗಸದ ಸದ್ದು. ಆಗ ನನಗೆ ಹದಿಮೂರು. ಆಗಿನ ತೋಟಗಳಲ್ಲಿ ಎಲ್ಲರೂ ಹಾಗೇ ಕಲಿತರು, ಇವತ್ತಿಗೂ ಕೆಲವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ತಂಗಿಯ ಮಗಳಿಗೆ ನಾನು ಹಾಗೆ ಕಲಿಸಲಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ಮಾಲೀಕರಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾನೂನಿನ ಭಯ ಒಂದು ಕಡೆ ಇರಲಿ, ಅವಳನ್ನು ಹಾಗೆ ಪಣಕ್ಕಿಡಲು ನನಗೆ ಮನಸ್ಸಿರಲಿಲ್ಲ.

ಗಾಡಿ ಬಂದಾಗ ಅವಳಿಗೆ ಹನ್ನೊಂದು. ಸ್ಟೀರಿಂಗ್ ಕೊಡುವಂತಿಲ್ಲ, ಆಸೆಯನ್ನು ಆರಲು ಬಿಡುವಂತೆಯೂ ಇಲ್ಲ. ಆಗ ಒಂದು ಆಟ ಶುರುವಾಯಿತು. ಪಕ್ಕದ ಸೀಟಿನಲ್ಲಿ ಕೂತು ಅವಳು ರಸ್ತೆಯನ್ನು ಓದಿ ಹೇಳಬೇಕು. "ದೊಡ್ಡಮ್ಮಾ, ಎಡಗಡೆ ಮಣ್ಣು ಕೊಚ್ಚಿಕೊಂಡು ಬಂದಿದೆ." "ಮುಂದೆ ಮರದ ನೆರಳು, ರಸ್ತೆ ಇನ್ನೂ ಒದ್ದೆ ಇರಬಹುದು." "ಕೆಲಸದವರ ಜೀಪು ಇಳೀತಿದೆ, ನಾವು ಹತ್ತುವವರು, ದಾರಿ ನಮ್ಮದು." "ನಮ್ಮದಾದರೂ?" "ಅವನಿಗೆ ಬ್ರೇಕ್ ಹಿಡಿಯುತ್ತೋ ಇಲ್ಲವೋ ಗೊತ್ತಿಲ್ಲ, ನಿಲ್ಲಿಸು." ಈ ಕೊನೇ ಉತ್ತರ ಬರಲು ಎರಡು ವರ್ಷ ಹಿಡಿಯಿತು. ಅದು ಬಂದ ದಿನ ನಾನು ಗಾಡಿ ಪಕ್ಕಕ್ಕೆ ಹಾಕಿ ಅವಳ ಕೈ ಹಿಡಿದುಕೊಂಡೆ.

ಹದಿನೆಂಟು ತುಂಬಿದ ವಾರ ಕಲಿಕಾ ಲೈಸೆನ್ಸ್ ಮಾಡಿಸಿದೆವು. ಗೇರು, ಕ್ಲಚ್ಚು ಎಲ್ಲ ಅದೇ ವಿಲ್ಲಿಸ್ಸಿನಲ್ಲಿ, ಅದೇ ಕಣದಲ್ಲಿ, ಯಾಕೆಂದರೆ ನನ್ನ ಬಾಕ್ಸ್‌ಟರಿನಲ್ಲಿ ಪಿಡಿಕೆ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕ್ಲಚ್ ಪೆಡಲ್ಲೇ ಇಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ಆರು ತಿಂಗಳು ಆಲ್ಟೊ. ಆಮೇಲೆ ಇದು. ಮೊದಲ ದಿನ ಸುಂಟಿಕೊಪ್ಪದಿಂದ ಮಡಿಕೇರಿಗೆ ಅವಳು ಒಂದೇ ಒಂದು ಸಲವೂ ಎಂಬತ್ತು ದಾಟಲಿಲ್ಲ, ನಾನು ಒಂದು ಮಾತೂ ಆಡಲಿಲ್ಲ. ತಿರುವಿಗೆ ಮೊದಲು ಬ್ರೇಕ್, ಒಳಗೆ ಕಾಲು ಸ್ಥಿರ. ಏಳು ವರ್ಷ ಬಾಯಲ್ಲಿ ಓದಿದ ರಸ್ತೆಯನ್ನು ಕೈಯಲ್ಲಿ ಓದುತ್ತಿದ್ದಳು.

ತೊಂದರೆಗಳನ್ನೂ ಹೇಳಬೇಕು. ಸ್ಟೆಪ್ನಿ ಇಲ್ಲ. ರಂಧ್ರ ಮುಚ್ಚುವ ದ್ರಾವಣ ಮತ್ತು ಗಾಳಿ ಪಂಪು ಕೊಟ್ಟಿರುತ್ತಾರೆ, ಟೈರಿನ ಪಕ್ಕ ಸೀಳಿದರೆ ಅವೆರಡೂ ಪ್ರಯೋಜನಕ್ಕಿಲ್ಲ. ಚೇರಂಬಾಣೆ ಹತ್ತಿರ ಗುಂಡಿಯ ಅಂಚಿಗೆ ಹೊಡೆದು ನನ್ನದು ಸೀಳಿತು. ವಿಮಾ ಕಂಪನಿಯ ಸಹಾಯವಾಣಿಗೆ, ಗಾಡಿಯನ್ನು ಮೇಲೆ ಹೊತ್ತು ಒಯ್ಯುವ ಫ್ಲಾಟ್‌ಬೆಡ್ ಲಾರಿಯೇ ಬೇಕು ಅಂತ ಮೂರು ಸಲ ಹೇಳಿದೆ. ಬಂದದ್ದು ಕೊಕ್ಕೆ ಹಾಕಿ ಎಳೆಯುವ ಗಾಡಿ. ಸರಿಯಾದದ್ದು ಬರುವಾಗ ಐದು ಗಂಟೆ ಕಳೆದಿತ್ತು, ಪಕ್ಕದಲ್ಲಿ ಹದಿನಾಲ್ಕರ ಹುಡುಗಿ, ಮಂಜು ಇಳಿಯುತ್ತಿತ್ತು. ಮೇಲಿನ ಮನೆಯವರು ಕರೆದು ಕಾಫಿ, ಕಡುಬು ಕೊಟ್ಟರು. ಮುಂದಿನ ವರ್ಷ ವಿಮೆ ಬದಲಿಸಿದೆ.

ಮುಂದೆ 235, ಹಿಂದೆ 265 ಅಗಲದ ಟೈರು, ಮೈಸೂರಿನಲ್ಲೂ ಕೇಳಿದ ದಿನ ಸಿಗುವುದಿಲ್ಲ. ಸರ್ವಿಸಿಗೆ ಬೆಂಗಳೂರು, ಸುಮಾರು 250 ಕಿ.ಮೀ. ಪೆಟ್ರೋಲ್ 95 ಆಕ್ಟೇನಿನ ಕೆಳಗೆ ಇಳಿಯಬಾರದು, ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲ್ ಬಹಳ ವರ್ಷ 91 ಇತ್ತು. ಹಾಗಾಗಿ ಹೆಚ್ಚು ಆಕ್ಟೇನಿನದು ಸಿಗುವ ಪೇಟೆಗೆ ಹೋದಾಗಲೆಲ್ಲ 64 ಲೀಟರಿನ ಟ್ಯಾಂಕ್ ತುಂಬಿಸಿಕೊಂಡು ಬರುತ್ತೇನೆ. ಲೀಟರಿಗೆ 9 ಕಿ.ಮೀ. ಸಿಗುತ್ತದೆ. ಮುಂದೊಂದು ಹಿಂದೊಂದು ಡಿಕ್ಕಿ ಇರುವುದು ಅನುಕೂಲ. ಮುಂದಿನದರಲ್ಲಿ ಒಂದು ಮೂಟೆ ಕಾಳುಮೆಣಸು ಇಟ್ಟುಕೊಂಡು ಹೋಗಿದ್ದೇನೆ.

ಮಳೆಗಾಲದ ವಿಷಯ ಇಂಥ ಗಾಡಿ ಇರುವ ಮಲೆನಾಡಿನವರೆಲ್ಲ ಗಮನಿಸಬೇಕು. ಟಾಪಿನ ಬುಡದಲ್ಲಿ ನೀರು ಇಳಿದುಹೋಗಲು ಸಣ್ಣ ಕಿಂಡಿಗಳಿವೆ. ಮೊದಲ ವರ್ಷ ಸಿಲ್ವರ್ ಓಕ್ ಕೆಳಗೆ ನಿಲ್ಲಿಸಿದ್ದೆ. ಎಲೆ ಕೊಳೆತು ಕಿಂಡಿ ಕಟ್ಟಿತು, ಜುಲೈಯಲ್ಲಿ ಸೀಟಿನಡಿಯ ಕಾರ್ಪೆಟ್ ನೆನೆದು ಹೋಯಿತು. ಅದು ನನ್ನ ತಪ್ಪು. ಆಮೇಲೆ ಶೆಡ್ ಕಟ್ಟಿಸಿದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಇದು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇತ್ತು. ಆಗ ಅಕ್ಕಿ, ಕಂಬಳಿ ಹೊತ್ತದ್ದು ಜೀಪು. ಕೊಡಗಿನಲ್ಲಿ ಇದೊಂದೇ ಗಾಡಿ ಇಟ್ಟುಕೊಂಡು ಬಾಳಲು ಆಗುವುದಿಲ್ಲ.

ವಯಸ್ಸಿನ ಬಗ್ಗೆ ನನ್ನದೇ ಪ್ರಾಮಾಣಿಕ ಮಾತು. ಸೀಟು ನೆಲಕ್ಕೆ ಹತ್ತಿರ, ಕೂರುವುದು ಸುಲಭ, ಏಳುವುದು ಮೊಣಕಾಲಿಗೆ ಕಷ್ಟ. ಎರಡೂ ಪಾದ ಹೊರಗೆ ನೆಲಕ್ಕೂರಿ, ಬಾಗಿಲ ಚೌಕಟ್ಟು ಹಿಡಿದು ಎದ್ದರೆ ನೋವಿಲ್ಲ. ಎದುರು ಗಾಡಿಯ ದೀಪ ಈಗ ಕಣ್ಣಿಗೆ ಚುಚ್ಚುತ್ತದೆ, ಹಾಗಾಗಿ ಕತ್ತಲಾದ ಮೇಲೆ ಸ್ಟೀರಿಂಗ್ ಹಿಡಿಯುವುದಿಲ್ಲ. ಮುಂದಿನ ಗಾಡಿಗೆ ಮೊದಲಿಗಿಂತ ಹೆಚ್ಚು ಅಂತರ ಬಿಡುತ್ತೇನೆ. ಐವತ್ತೈದರ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕಷ್ಟೇ ನವೀಕರಣವಾಗುತ್ತದೆ, ವೈದ್ಯರ ಪ್ರಮಾಣಪತ್ರವೂ ಬೇಕು. ಅದು ಒಳ್ಳೆಯ ನಿಯಮ. ಆ ಕಾಗದಕ್ಕೆ ಸಹಿ ಬೀಳುವವರೆಗೆ ಓಡಿಸುತ್ತೇನೆ.

ಐವತ್ತು ದಾಟಿದ ಹೆಣ್ಣುಮಕ್ಕಳು ಇಂಥದ್ದು ಕೊಳ್ಳಲೋ ಬೇಡವೋ ಅಂತ ಯೋಚಿಸುತ್ತಿದ್ದರೆ, ಶೆಡ್ಡು, ಇನ್ನೊಂದು ಗಟ್ಟಿ ಗಾಡಿ, ಟೈರಿಗೆ ಎತ್ತಿಟ್ಟ ದುಡ್ಡು, ಈ ಮೂರೂ ಇದ್ದರೆ ಕೊಳ್ಳಿ. ಪಕ್ಕದ ಸೀಟನ್ನು ಖಾಲಿ ಬಿಡಬೇಡಿ.

ಎರಡನೇ ಕೀ ಈಗ ಅವಳ ಬ್ಯಾಗಿನಲ್ಲಿದೆ. ಮೇ ಮುಗಿಯುತ್ತಾ ಬಂತು, ಭಾನುವಾರ ಕಾಲೇಜಿನಿಂದ ಬಂದು ಟಾಪಿನ ಕಿಂಡಿಗಳನ್ನು ತೊಳೆಯುವ ಸರದಿ ಅವಳದು.