ಇಲಿ ಕೇಕು, ಬೋನು, ಜಾಳಿ: ಬಾಡಿಗೆ ಮನೆಗೆ ಯಾವುದು?

ಬಾಡಿಗೆಗೆ ಕೊಟ್ಟ ಮನೆಗೆ ಕಾಲು ಇಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಳಿ, ಜೊತೆಗೆ ಆರು ಸ್ಪ್ರಿಂಗ್ ಬೋನು. ಎಲ್ಲವನ್ನೂ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ಇದೇ. ವಿಷದ ಕೇಕಿಗೆ ಹಿತ್ತಲಲ್ಲಿ ಜಾಗವುಂಟು, ಮನೆಯೊಳಗಿಲ್ಲ. ಅಂಟು ಹಲಗೆಗೆ ಎಲ್ಲೂ ಇಲ್ಲ.

ಹುಬ್ಬಳ್ಳಿ-ಧಾರವಾಡದ ಮಾಲಕರಲ್ಲಿ ಒಂದು ರೂಢಿ ಇದೆ. ಬಾಡಿಗೆದಾರರು ಇಲಿ ಅಂದ ಕೂಡಲೇ ಒಂದು ಕೇಕಿನ ಪ್ಯಾಕೆಟ್ ಕೈಗಿಟ್ಟು ಕಳಿಸುವುದು. ಅಲ್ಲಿಗೆ ಹೊಣೆ ದಾಟಿಸಿದ ಹಾಗಾಯಿತು. ಆದರೆ ಇಲಿ ಬಂದ ತೂತು ಗೋಡೆಯದು, ಗೋಡೆ ಮಾಲಕರದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾಲಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದೆ ಕೂತರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅದೇ ಕಲಮು ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು ಎಂದು ಬಾಡಿಗೆದಾರರಿಗೂ ಹೇಳುತ್ತದೆ. ಸಹಜ ಸವಕಳಿಗೆ, ತಡೆಯಲಾಗದ ಅವಘಡಕ್ಕೆ ಮಾತ್ರ ವಿನಾಯಿತಿ. ನನ್ನ ಲೆಕ್ಕದಲ್ಲಿ ತೂತು, ಪೈಪು, ಹೆಂಚು, ಗಟಾರದ ಮುಚ್ಚಳ ಮಾಲಕರ ಪಾಲಿಗೆ. ಮುಸುರೆ, ಕಸದ ಬಕೆಟ್ಟು, ಬಾಯಿ ಬಿಟ್ಟ ಜೋಳದ ಚೀಲ ಬಾಡಿಗೆದಾರರ ಪಾಲಿಗೆ. ಇದನ್ನು ಕರಾರು ಪತ್ರದಲ್ಲಿ ಎರಡು ಸಾಲು ಬರೆಸಿಟ್ಟರೆ ಜಗಳವೇ ಹುಟ್ಟುವುದಿಲ್ಲ. ನಾಲ್ಕಾರು ಖೋಲಿಗಳ ಚಾಳಾದರೆ ಕೆಲಸವನ್ನು ಮಾಲಕರೇ ಹಿಡಿಯಬೇಕು. ಒಂದು ಖೋಲಿಯವರು ಬೋನು ಇಟ್ಟರೆ ಇಲಿ ಪಕ್ಕದ ಖೋಲಿಗೆ ಹೋಗುತ್ತದೆ, ಅಷ್ಟೇ.

ಕೇಕಿನ ವಿಚಾರ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕೇಕುಗಳಲ್ಲಿ ಇರುವುದು 0.005 ಶೇಕಡಾ ಬ್ರೊಮಡಿಯೊಲೋನ್. ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಸಾಯಲು ನಾಲ್ಕರಿಂದ ಏಳು ದಿನ. ಈ ತಡವೇ ಅದರ ಶಕ್ತಿ, ಸಾವಿಗೂ ತಿಂಡಿಗೂ ನಂಟಿದೆ ಎಂದು ಉಳಿದ ಇಲಿಗಳಿಗೆ ಹೊಳೆಯುವುದಿಲ್ಲ. ಈ ತಡವೇ ಅದರ ಶಾಪ ಕೂಡ. “ಇದನ್ನ ತಿಂದ್ರ ನೀರು ಹುಡಿಕ್ಕೊಂಡು ಹೊರಗ ಹೋಗಿ ಸಾಯ್ತೈತ್ರಿ” ಎಂದು ಅಂಗಡಿಯವರು ಹೇಳುವುದು ಸುಳ್ಳು. ಸುಸ್ತಾದ ಇಲಿ ತನ್ನ ಗೂಡಿಗೇ ಹೋಗುತ್ತದೆ. ಗೂಡು ಅಟ್ಟದ ಹಲಗೆಯ ಮೇಲೋ, ಫಾಲ್ಸ್ ಸೀಲಿಂಗಿನ ಒಳಗೋ ಇದ್ದರೆ ಒಂದೆರಡು ವಾರ ವಾಸನೆ, ಆಮೇಲೆ ನೊಣ. ಅದನ್ನು ತೆಗೆಯಲು ಸೀಲಿಂಗ್ ಬಿಚ್ಚಿಸುವ ಖರ್ಚಿನಲ್ಲಿ ಮನೆ ಪೂರ್ತಿ ಜಾಳಿ ಹೊಡೆಸಬಹುದಿತ್ತು. ಅಲ್ಲದೆ ಆ ಸತ್ತ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ವಿಷ ಏರುತ್ತದೆ.

ಜಿಂಕ್ ಫಾಸ್ಫೈಡ್ ಕಪ್ಪು ಪುಡಿಯನ್ನು ಮನೆ ಹತ್ತಿರ ತರಲೇಬೇಡಿ. ಯಾರಾದರೂ ತಿಂದರೆ ಅದಕ್ಕೆ ಮದ್ದಿಲ್ಲ. ಕೇಕಿಗಾದರೆ ಆಸ್ಪತ್ರೆಯಲ್ಲಿ ವಿಟಮಿನ್ ಕೆ1 ಉಂಟು. ಹೊಲದಲ್ಲಿ 96 ಭಾಗ ಕಾಳು, 2 ಭಾಗ ಎಣ್ಣೆ, 2 ಭಾಗ ಪುಡಿ ಕಲಸಿ ಇಡುತ್ತಾರೆ. ಅದಕ್ಕೂ ಮುಂಚೆ ಎರಡು ಮೂರು ದಿನ ಬರೀ ಎಣ್ಣೆಗಾಳು ಇಟ್ಟು ರುಚಿ ಹಚ್ಚಬೇಕು. ಇಲ್ಲದಿದ್ದರೆ ಅರ್ಧ ತಿಂದು ಬದುಕಿದ ಇಲಿ ಮತ್ತೆ ಅದನ್ನು ಮೂಸಿಯೂ ನೋಡುವುದಿಲ್ಲ.

ಅಂಟು ಹಲಗೆ: ಬಳಸಬೇಡಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. ಧೂಳು ಕೂತ ಮೇಲೆ ಅಂಟೂ ಹಿಡಿಯುವುದಿಲ್ಲ.

ತಂತಿಯ ಪಂಜರದ ಬೋನು: ಹಿಡಿದ ಇಲಿಯನ್ನು ಮುಂದಿನ ಓಣಿಯಲ್ಲಿ ಬಿಟ್ಟು ಬರುವವರಿಗೆ ಒಳ್ಳೆಯದು, ಮುಂದಿನ ಓಣಿಯವರಿಗಲ್ಲ.

ಸ್ಪ್ರಿಂಗ್ ಬೋನು ಫಲ ಕೊಡಲಿಲ್ಲ ಎನ್ನುವವರು ಬಹುಮಟ್ಟಿಗೆ ಅದನ್ನು ತಪ್ಪಾಗಿ ಇಟ್ಟಿರುತ್ತಾರೆ. ಇಲಿ ಕೋಣೆಯ ನಡುವೆ ಓಡುವುದಿಲ್ಲ, ಗೋಡೆಗೆ ಮೈ ಒರೆಸಿಕೊಂಡು ಓಡುತ್ತದೆ. ಆದ್ದರಿಂದ ಬೋನು ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವಂತೆ ಇರಬೇಕು. ದಾರಿ ಯಾವುದೆಂದು ತಿಳಿಯಲು ರಾತ್ರಿ ಗೋಡೆಯಂಚಿಗೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ, ಬೆಳಿಗ್ಗೆ ಹೆಜ್ಜೆ ನೋಡಿ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅಂಜಿಕೆ. ಮೂರು ದಿನ ಬೋನನ್ನು ಹೂಡದೆ ತಿಂಡಿ ಮಾತ್ರ ಇಟ್ಟು, ನಾಲ್ಕನೆಯ ರಾತ್ರಿ ಎಲ್ಲ ಆರನ್ನೂ ಒಟ್ಟಿಗೆ ಹೂಡಿ. ತಿಂಡಿಗೆ ಹುರಿದ ಶೇಂಗಾ ಅರೆದು ಬೆಲ್ಲದಲ್ಲಿ ಕಲಸಿದ್ದು, ಬಟಾಣಿ ಕಾಳಿನಷ್ಟೇ ಸಾಕು. ಹೆಚ್ಚು ಹಾಕಿದರೆ ಅಂಚಿನಿಂದ ನೆಕ್ಕಿಕೊಂಡು ಹೋಗುತ್ತದೆ.

ಇನ್ನು ಜಾಳಿ. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದು ಸಾಕು, ಅಂದರೆ ಪೆನ್ಸಿಲ್ ತೂರುವಷ್ಟು. ದೊಡ್ಡದಕ್ಕೆ 12 ಮಿಲಿಮೀಟರ್. ಅಡಿಗೆಮನೆಯ ಕಿಟಕಿ, ಎಕ್ಸಾಸ್ಟ್ ಫ್ಯಾನಿನ ತೂತು, ಹೆಂಚು ಗೋಡೆಗೆ ಕೂಡುವ ಅಂಚು, ಇವೆಲ್ಲ ಅರ್ಧ ದಿನದ ಕೆಲಸ. ಬಾಗಿಲ ಕೆಳಗೆ ಜಿಐ ಪತ್ರಾದ (ತಗಡಿನ) ಪಟ್ಟಿ ಹೊಡೆಸಿದರೆ ಮುಗಿಯಿತು.

ತಲೆನೋವು ಪೈಪಿನದು. ಹುಬ್ಬಳ್ಳಿಯಿಂದ ನವಲಗುಂದ, ಗದಗಿನ ಕಡೆಗೆಲ್ಲ ಎರೆ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮನೆಯ ಪಾಯ, ಸುತ್ತಲಿನ ಕಾಂಕ್ರೀಟ್ ಅಂಚು, ನೆಲದಿಂದ ಬರುವ ಪೈಪು ಒಂದೊಂದು ಒಂದೊಂದು ಥರ ಅಲುಗುತ್ತವೆ. ಗೌಂಡಿಗೆ ಹೇಳಿದರೆ ಬಚ್ಚಲ ಪೈಪಿನ ಸುತ್ತ ಸಿಮೆಂಟು ಮೆತ್ತಿ ಹೋಗುತ್ತಾನೆ. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದೇ ಇಲ್ಲ. ಮಾರ್ಚಿಗೆ ಪೈಪಿನ ಸುತ್ತ ಬಳೆಯಂಥ ಸಂದು, ಏಪ್ರಿಲಿಗೆ ಅದರಲ್ಲಿ ಇಲಿ. ಮತ್ತೆ ಸಿಮೆಂಟು, ಮತ್ತೆ ಸಂದು. ಡಬ್ಬಿಯಿಂದ ಉಬ್ಬಿ ಬರುವ ಫೋಮ್ ಇನ್ನೂ ದಂಡ. ನೋಡಲು ಗಟ್ಟಿ, ಆದರೆ ಇಲಿ ಅದನ್ನು ಒಂದೇ ರಾತ್ರಿ ಕೊರೆಯುತ್ತದೆ.

ನಿಲ್ಲುವ ಕೆಲಸ ಹೀಗೆ. ಹಳೆಯ ಸಿಮೆಂಟು ಎರಡು ಇಂಚು ಆಳ ಕೆತ್ತಿ ತೆಗೆಸಿ. ಜಾಳಿಯನ್ನು ಪಟ್ಟಿಯಾಗಿ ಕತ್ತರಿಸಿ ಪೈಪಿನ ಸುತ್ತ ಸುತ್ತಿ, ಸ್ಕ್ರೂ ಡ್ರೈವರಿನಿಂದ ಒತ್ತಿ ತುಂಬಿ. ಪೈಪಿನ ಮೈಯನ್ನು ಪಾಲಿಶ್ ಕಾಗದದಿಂದ ಉಜ್ಜಿ ಒರಟು ಮಾಡಿ, ಮೇಲೆ ಪಾಲಿಯುರೆಥೇನ್ ಸೀಲೆಂಟ್ ಹಾಕಿ. ಅದು ರಬ್ಬರಿನಂತೆ ಅಲುಗುವುದರಿಂದ ಸೀಳುವುದಿಲ್ಲ. ಕೊನೆಗೆ ಪತ್ರಾದ ಕಾಲರನ್ನು ಗೋಡೆಗೆ ಮಾತ್ರ ಸ್ಕ್ರೂ ಮಾಡಿ, ಪೈಪಿಗೆ ಬೇಡ. ಪಾಯದ ಪಕ್ಕ ಎರಡು ಅಡಿ ಅಗಲ ಎರೆ ತೆಗೆಸಿ ಗರಸು ತುಂಬಿ ದಮ್ಮಸು ಮಾಡಿಸಿದರೆ ಬಿರುಕು ಗೋಡೆಯಿಂದ ದೂರ ಸರಿಯುತ್ತದೆ. ಧಾರವಾಡದ ಪಶ್ಚಿಮದ ಮಸಾರಿ (ಕೆಂಪು) ಮಣ್ಣಿನವರಿಗೆ ಈ ಕೊನೆಯ ಖರ್ಚು ಬೇಕಿಲ್ಲ.

ಒಳಗಿರುವ ಇಲಿಯನ್ನು ಹಿಡಿಯುವ ಮುಂಚೆ ತೂತು ಮುಚ್ಚಬೇಡಿ, ಅಲ್ಲೇ ಸತ್ತರೆ ಕೇಕಿನದೇ ಕಥೆ. ತೂತಿಗೆ ಹಳೆ ಪೇಪರು ತುರುಕಿ ಎರಡು ರಾತ್ರಿ ಕಾಯಿರಿ, ಕದಲದಿದ್ದರೆ ಮುಚ್ಚಿ.

ಹಿತ್ತಲಲ್ಲಿ ಸಡಿಲ ಮಣ್ಣಿನ ಗುಪ್ಪೆ ಕಂಡರೆ ಅದು ಹೆಗ್ಗಣ, ಸ್ಪ್ರಿಂಗ್ ಬೋನಿಗೆ ಬಗ್ಗುವುದಿಲ್ಲ. ಕೇಕು ಬೇಕಾಗುವುದು ಇಲ್ಲಿ. ಮೂರು ಇಂಚಿನ ಪಿವಿಸಿ ಪೈಪು ಒಂದೂವರೆ ಅಡಿ ಕತ್ತರಿಸಿ, ನಡುವೆ ಕೇಕನ್ನು ತಂತಿಯಿಂದ ಬಿಗಿದು, ಗೋಡೆಯಂಚಿಗೆ ಕಟ್ಟಿ. ಬಿಡಿಯಾಗಿ ಎಸೆದರೆ ಹೊತ್ತೊಯ್ದು ಎಲ್ಲೋ ಬೀಳಿಸುತ್ತದೆ, ಅದು ನಾಯಿಗೋ ಮಗುವಿಗೋ ಸಿಗುತ್ತದೆ.

ವರ್ಷದ ಗುತ್ತಿಗೆಯ ಪೆಸ್ಟ್ ಕಂಟ್ರೋಲ್ ಹೋಟೆಲಿಗೆ, ಕಿರಾಣಿ ಗೋದಾಮಿಗೆ ಸರಿ. ಎರಡು ಖೋಲಿಯ ಬಾಡಿಗೆ ಮನೆಗೆ ದುಬಾರಿ, ಅವರೂ ಇಡುವುದು ಬಹುಪಾಲು ಕೇಕನ್ನೇ. ಧಾರವಾಡದ ಸಪ್ತಾಪುರದ ಕಡೆ ವಿದ್ಯಾರ್ಥಿಗಳಿಗೆ ಕೊಟ್ಟ ಖೋಲಿಗಳಲ್ಲಿ ಜನ ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಖಾಲಿ ಇರುವ ಆ ವಾರದಲ್ಲಿ ಸುಣ್ಣ ಹೊಡೆಸುವ ಮೊದಲು ಗೌಂಡಿಗೆ ಎರಡು ದಿನದ ಕೂಲಿ ಕೊಟ್ಟು ಜಾಳಿ ಮುಗಿಸಿಕೊಳ್ಳಿ. ಸೀಲೆಂಟ್ ಕಿತ್ತಿದೆಯೇ ಎಂದು ಏಪ್ರಿಲ್ ಕೊನೆಯಲ್ಲಿ, ಮಣ್ಣು ಪೂರ್ತಿ ಬಾಯಿ ಬಿಟ್ಟಾಗ, ಬ್ಯಾಟರಿ ಹಿಡಿದು ನೋಡಿ. ಮಳೆ ಬಿದ್ದ ಮೇಲೆ ಸಂದು ಕೂಡಿಕೊಂಡು ಕಾಣುವುದಿಲ್ಲ.