ನಮ್ಮ ಬೀದಿಯ ಅಂಗನವಾಡಿ: ಮಗು ಮಾತಾಡಿದರೆ ತಿರುಗಿ ನೋಡುವ ಟೀಚರ್

ಮೂರು ತಿಂಗಳಿಂದ ನನ್ನ ಮಗಳು ಬೀದಿಯ ಕೊನೆಯಲ್ಲಿರುವ ಅಂಗನವಾಡಿಗೆ ಹೋಗುತ್ತಿದ್ದಾಳೆ. ಈಗ ಅವಳಿಗೆ 4 ವರ್ಷ. ಮೈಸೂರಲ್ಲಿ ಇಷ್ಟೊಂದು ಪ್ಲೇ ಸ್ಕೂಲ್ ಇರುವಾಗ ಅಂಗನವಾಡಿಗಾ ಅಂತ ನೆಂಟರು ಕೇಳಿದರು, ಪಕ್ಕದ ಮನೆಯವರು ಕೇಳಿದರು, ಆಫೀಸಿನವರೂ ಕೇಳಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಒಂದೇ ಸಲ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಡಿಮೆ ಅಂತಲೂ ಹೇಳುತ್ತೇನೆ.

ಇದಕ್ಕೂ ಮೊದಲು ಅವಳು ಒಂದು ಖಾಸಗಿ ಪ್ಲೇ ಸ್ಕೂಲಿಗೆ ಹೋಗುತ್ತಿದ್ದಳು. ಹೆಸರು ಬೇಡ. ಒಳ್ಳೆ ಕಟ್ಟಡ, ಬಣ್ಣದ ಗೋಡೆ, ಜಾರುಬಂಡೆ, ದಿನಾ ಸಂಜೆ ವಾಟ್ಸಾಪಿಗೆ ಫೋಟೋ. ಒಂದು ದಿನ ದಾರಿಯಲ್ಲಿ ಅವಳಿಗೆ ಒಣಗಿದ ಅರಳಿ ಎಲೆ ಸಿಕ್ಕಿತು, ಹಸಿರೆಲ್ಲ ಹೋಗಿ ಬರೀ ನರಗಳ ಜಾಲರಿ ಉಳಿದಿರುತ್ತದಲ್ಲ, ಅಂಥದ್ದು. ಅದನ್ನು ಹಿಡಿದುಕೊಂಡೇ ಶಾಲೆಗೆ ಹೋದಳು. ಬಾಗಿಲಲ್ಲೇ ಟೀಚರಿಗೆ ತೋರಿಸಿ 'ಮಿಸ್, ಇದರೊಳಗಿಂದ ನೀವು ಕಾಣ್ತೀರ' ಅಂದಳು. 'ವೆರಿ ಗುಡ್, ಗೋ ಅಂಡ್ ಸಿಟ್' ಅಂತ ಉತ್ತರ ಬಂತು. ಎಲೆ ಬ್ಯಾಗಿಗೆ ಹೋಯಿತು, ಸಂಜೆ ಪುಡಿಯಾಗಿ ಮನೆಗೆ ಬಂತು. ಆಮೇಲೆ ಅವಳು ಶಾಲೆಗೆ ಏನನ್ನೂ ಎತ್ತಿಕೊಂಡು ಹೋಗಲಿಲ್ಲ. ಇವತ್ತು ಟೀಚರಿಗೆ ಏನು ಹೇಳಿದೆ ಅಂತ ಕೇಳಿದರೆ 'ಹೇಳಬಾರದು, ಫಿಂಗರ್ ಆನ್ ಯುವರ್ ಲಿಪ್ಸ್' ಅನ್ನುತ್ತಿದ್ದಳು.

ಆ ಟೀಚರ್ ಕೆಟ್ಟವರಲ್ಲ. ದಿನಕ್ಕೆ ಇಷ್ಟು ವರ್ಕ್‌ಶೀಟ್ ಮುಗಿಯಬೇಕು, ಫೋಟೋ ಹೋಗಬೇಕು, ಆ ಫೋಟೋ ಬರದಿದ್ದರೆ ಗುಂಪಿನಲ್ಲಿ ಮೊದಲು ಕೇಳುವವರು ನಾವೇ ಅಪ್ಪ ಅಮ್ಮಂದಿರು. ಬಣ್ಣ ಯಾವುದು ಅಂದರೆ 'ರೆಡ್' ಅಂತ 25 ಮಕ್ಕಳು ಒಟ್ಟಿಗೆ ಕೂಗುತ್ತಾರೆ, ಕೇಳುವುದಕ್ಕೆ ಚೆಂದವೂ ಇರುತ್ತದೆ. ಆದರೆ ಇಡೀ ದಿನದಲ್ಲಿ ಒಂದು ಮಗು ತಾನಾಗಿ ಹೇಳಿದ ಒಂದು ಮಾತಿಗೆ, ಆ ಮಾತಿಗೇ ಸೇರಿದ ಉತ್ತರ ಸಿಗುವುದಿಲ್ಲ. ನನಗೆ ಬೇಜಾರಾಗಿದ್ದು ಅದು.

ಬೀದಿಯಲ್ಲಿ ಮಕ್ಕಳು ಶಟಲ್ ಆಡುವುದನ್ನು ನೋಡಿದ್ದೀರಲ್ವಾ? ಒಬ್ಬರು ಹೊಡೆಯುತ್ತಾರೆ, ಇನ್ನೊಬ್ಬರು ವಾಪಸ್ ಕಳಿಸುತ್ತಾರೆ. ಕಾಕ್ ಕೆಳಗೆ ಬೀಳದ ಹಾಗೆ ಎಷ್ಟು ಹೊತ್ತು ಆಡುತ್ತೀರಿ ಅನ್ನುವುದೇ ಆಟ. ಪುಟ್ಟ ಮಕ್ಕಳ ಜೊತೆ ಮಾತೂ ಹಾಗೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯ ಕೇಂದ್ರದವರು ಇದಕ್ಕೆ 'ಸರ್ವ್ ಅಂಡ್ ರಿಟರ್ನ್' ಅಂತಲೇ ಹೆಸರಿಟ್ಟಿದ್ದಾರೆ. ಮಗು ಏನೋ ತೋರಿಸುತ್ತದೆ, ಅನ್ನುತ್ತದೆ, ಅಳುತ್ತದೆ, ಅದು ಸರ್ವ್. ದೊಡ್ಡವರು ಅದನ್ನು ಗಮನಿಸಿ ಅದಕ್ಕೇ ಉತ್ತರ ಕೊಡುವುದು ರಿಟರ್ನ್. ಅಮೆರಿಕದಲ್ಲಿ 4ರಿಂದ 6 ವರ್ಷದ 36 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಗುವಿನ ಕಿವಿಗೆ ಎಷ್ಟು ಪದ ಬಿತ್ತು ಅನ್ನುವುದಕ್ಕಿಂತ, ಮಗುವೂ ದೊಡ್ಡವರೂ ಸರದಿ ಮೇಲೆ ಎಷ್ಟು ಸಲ ಮಾತಾಡಿದರು ಅನ್ನುವುದಕ್ಕೇ ಮೆದುಳಿನ ಕೆಲಸದ ಜೊತೆ ನಂಟು ಕಾಣಿಸಿತು. ಹಾಗೆ ಮಾತುಕತೆ ಜಾಸ್ತಿಯಿದ್ದ ಮಕ್ಕಳು ಕತೆ ಕೇಳುವಾಗ ಮೆದುಳಿನಲ್ಲಿ ಭಾಷೆಯನ್ನು ನೋಡಿಕೊಳ್ಳುವ ಭಾಗ ಹೆಚ್ಚು ಚುರುಕಾಗಿತ್ತು. ಇದನ್ನು ಓದಿದ ಮೇಲೆ ನನಗೆ ಅರಳಿ ಎಲೆಯೇ ಕಣ್ಣ ಮುಂದೆ ಬರುತ್ತಿತ್ತು.

ಈಗ ಅಂಗನವಾಡಿ. ಮೊದಲ ವಾರ ಮಗಳು ನನ್ನ ಸೆರಗು ಬಿಡಲಿಲ್ಲ. ಟೀಚರ್ 'ಕೂತ್ಕೊಳ್ಳಿ ಮೇಡಂ, ಅವಳೇ ಕಳಿಸೋವರೆಗೂ ಇರಿ' ಅಂದರು. ಆಫೀಸಿಗೆ ರಜೆ ಹಾಕಿ ನಾಲ್ಕು ದಿನ ಮೂಲೆಯಲ್ಲಿ ಚಾಪೆ ಮೇಲೆ ಕೂತಿದ್ದೆ. ಆ ನಾಲ್ಕು ದಿನ ಕೂತಿದ್ದರಿಂದಲೇ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಎರಡನೇ ದಿನ ಜೋರು ಮಳೆ. 18 ಮಕ್ಕಳು ಇದ್ದರು. ಟೀಚರ್ ಮಳೆಯ ಹಾಡು ಹೇಳಿಕೊಡುತ್ತಿದ್ದರು. ಮಧ್ಯದಲ್ಲಿ ಒಬ್ಬ ಹುಡುಗ 'ನಮ್ಮನೆ ಸೋರ್ತು' ಅಂದ. ಅವರು ಹಾಡು ನಿಲ್ಲಿಸಿದರು.

'ಸೋರ್ತಾ? ಎಲ್ಲಿ?'

'ಅಜ್ಜಿ ಮಲಗೋ ಕಡೆ.'

'ಅಯ್ಯೋ. ಮತ್ತೆ ಅಜ್ಜಿ ಏನ್ ಮಾಡಿದ್ರು?'

ಹುಡುಗ ಸುಮ್ಮನಿದ್ದ. ಟೀಚರೂ ಸುಮ್ಮನಿದ್ದರು. ನಾನು ಮನಸ್ಸಲ್ಲೇ ಎಣಿಸಿದೆ. ಐದು ಅನ್ನುವ ಹೊತ್ತಿಗೆ ಅವನು 'ಪಾತ್ರೆ ಇಟ್ರು' ಅಂದ.

'ಪಾತ್ರೆಗೆ ನೀರು ಬಿದ್ರೆ ಸದ್ದು ಹೆಂಗೆ ಬರುತ್ತೆ?'

'ಟಣ್ ಟಣ್.'

'ನಮ್ಮನೇಲಿ ಬಕೀಟು, ಅದು ಡಬ್ ಡಬ್' ಅಂತ ಇನ್ನೊಬ್ಬಳು ಎದ್ದು ನಿಂತಳು. ಅಷ್ಟರಲ್ಲಿ ಸಹಾಯಕಿ ಅಡುಗೆ ಕಡೆಯಿಂದ ಒಂದು ಸ್ಟೀಲ್ ಪಾತ್ರೆ, ಒಂದು ಪ್ಲಾಸ್ಟಿಕ್ ಬಕೆಟ್, ಒಂದು ಚೊಂಬು ನೀರು ತಂದಿಟ್ಟರು, ಯಾರೂ ಕೇಳಿರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಹನಿ ಹಾಕಿದರು. ಕೊನೆಗೆ ಆ ಮೊದಲಿನ ಹುಡುಗನೇ 'ಮಿಸ್, ನೀರು ತುಂಬಿದ್ಮೇಲೆ ಟಣ್ ಬರಲ್ಲ' ಅಂದ. 'ಹೌದಲ್ವಾ! ಯಾಕಿರಬಹುದು?' ಅಂದರು ಟೀಚರ್. ಉತ್ತರವನ್ನು ಅವರು ಹೇಳಲಿಲ್ಲ. ಮಕ್ಕಳು ಏನೇನೋ ಹೇಳಿದರು, 'ನೀರು ಮೆತ್ತಗಿದೆ ಅದಕ್ಕೆ' ಅಂತಲೂ ಒಬ್ಬಳು ಹೇಳಿದಳು. ಎಲ್ಲದಕ್ಕೂ ಅವರು ಮುಖ ತಿರುಗಿಸಿ, ಆ ಮಗುವನ್ನೇ ನೋಡಿ, 'ಹೂಂ, ಮೆತ್ತಗಿದೆ' ಅಂತ ಅದೇ ಮಾತನ್ನು ಎತ್ತಿಕೊಂಡು ಮುಂದೆ ಹೋದರು. ಹಾಡು ಅರ್ಧಕ್ಕೇ ನಿಂತಿತು. ಯಾರಿಗೂ ನೆನಪಾಗಲಿಲ್ಲ.

ಆ ಐದು ಎಣಿಸುವಷ್ಟು ಹೊತ್ತು ಸುಮ್ಮನಿರುವುದು ಸುಲಭ ಅಲ್ಲ, ಮನೆಯಲ್ಲಿ ಪ್ರಯತ್ನ ಮಾಡಿ ನೋಡಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಶಾಲಾ ತರಗತಿಗಳಲ್ಲಿ ಇದನ್ನೇ ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಅವೆಲ್ಲ ಇವರಿಗಿಂತ ದೊಡ್ಡ ಮಕ್ಕಳು. ಮೂರು ನಾಲ್ಕು ವರ್ಷದವರಿಗೆ ಪದ ಹುಡುಕಲು ಇನ್ನೂ ಹೊತ್ತು ಬೇಕು ಅಂತ ನನಗೆ ಅನಿಸುತ್ತದೆ.

ಎಲ್ಲ ಸರ್ವ್‌ಗಳೂ ಮಾತಲ್ಲೇ ಇರುವುದಿಲ್ಲ. ಇಲ್ಲಿ ಮೂರು ವರ್ಷದ ಒಬ್ಬ ಹುಡುಗ ಇದ್ದಾನೆ, ಇನ್ನೂ ಜಾಸ್ತಿ ಮಾತಾಡುವುದಿಲ್ಲ. ಅವನು ಗೋಡೆಯ ಮೇಲಿನ ಹಲ್ಲಿಯ ಕಡೆ ಬೆರಳು ತೋರಿಸಿದ, ಅಷ್ಟೇ. ಟೀಚರ್ ಬಗ್ಗಿ, ಅವನ ಬೆರಳಿನ ನೇರಕ್ಕೆ ನೋಡಿ, 'ಹಲ್ಲಿ! ಎಲ್ಲಿಗೆ ಓಡ್ತಿದೆ?' ಅಂದರು. ಅವನ ಬೆರಳು ಹಲ್ಲಿಯ ಜೊತೆಗೇ ಮೇಲೆ ಹೋಯಿತು. 'ಮೇಲಕ್ಕೆ ಹೋಯ್ತು' ಅಂದರು ಇವರು. ಮನೆಯಲ್ಲಿ ಉರ್ದು ಮಾತಾಡುವ ಒಂದು ಹುಡುಗಿ 'ಪಾನಿ' ಅಂದರೆ 'ಪಾನಿ ಬೇಕಾ? ತಗೋ, ನೀರು' ಅಂತ ಲೋಟ ಕೊಡುತ್ತಾರೆ. ತಪ್ಪು ಅನ್ನುವುದಿಲ್ಲ, ತಿದ್ದುವುದಿಲ್ಲ. ಅವಳ ಪದವನ್ನು ಮೊದಲು ತೆಗೆದುಕೊಂಡು ಆಮೇಲೆ ತಮ್ಮ ಪದ ಕೊಡುತ್ತಾರೆ. ನೋಡುತ್ತಾ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುತ್ತಿಲ್ಲ.

ಸಹಾಯಕಿಯ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಕೈ ತೊಳೆಸುವಾಗ, ಊಟ ಬಡಿಸುವಾಗ, ಮೊಟ್ಟೆ ಸುಲಿಯುವಾಗ ಮಕ್ಕಳ ಬಾಯಿ ಜಾಸ್ತಿ ಬಿಚ್ಚುತ್ತದೆ, ಮತ್ತು ಆಗೆಲ್ಲ ಪಕ್ಕದಲ್ಲಿ ಇರುವವರು ಇವರೇ. ಮೊಟ್ಟೆ ಸಿಪ್ಪೆ ಸುಲಿಯುತ್ತಾ 'ಇದಕ್ಕೂ ಅಂಗಿ ಇದೆ' ಅಂದ ಮಗುವಿಗೆ 'ಒಳಗೆ ಬನಿಯನ್ನೂ ಇದೆ ನೋಡು' ಅಂತ ಆ ತೆಳು ಪೊರೆ ಎತ್ತಿ ತೋರಿಸಿದರು.

ನನ್ನ ತವರು ಟಿ. ನರಸೀಪುರದ ಕಡೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ತಾಲ್ಲೂಕಿಗೇ. ಆದರೂ ನಮಗೆ ಅಂಗನವಾಡಿ ಅಂದರೆ ಊಟ, ತೂಕ, ಚುಚ್ಚುಮದ್ದು ಅಷ್ಟೇ ಆಗಿತ್ತು. ಶಾಲೆಗೆ ಮುಂಚಿನ ಕಲಿಕೆಯೂ ಆ ಯೋಜನೆಯ ಆರು ಸೇವೆಗಳಲ್ಲಿ ಒಂದು ಅಂತ ನನಗೆ ಗೊತ್ತಾಗಿದ್ದು ಈ ವರ್ಷ. 3ರಿಂದ 8 ವರ್ಷದ ಮಕ್ಕಳಿಗೆ ಅಂತ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಆಟ, ಕತೆಯ ಜೊತೆ ಮಾತುಕತೆಯನ್ನೂ ಕಲಿಸುವ ದಾರಿ ಅಂತಲೇ ಹೇಳಿದ್ದಾರೆ.

ಇನ್ನು ಆ ಅರ್ಧ ಅಂಕ. ಒಂದೇ ಕೋಣೆ, ಅದರಲ್ಲೇ ಒಂದು ಮೂಲೆಯಲ್ಲಿ ದಿನಸಿ. ಶೌಚಾಲಯ ಹೊರಗಿದೆ, ಮಕ್ಕಳ ಅಳತೆಯದ್ದಲ್ಲ. ಇವನ್ನಾದರೂ ಸಹಿಸಬಹುದು. ಟೀಚರಿಗೆ ಸರ್ವೆ, ಮೀಟಿಂಗ್, ಮೊಬೈಲಿನಲ್ಲಿ ಹಾಜರಿ, ತೂಕ ತುಂಬಿಸುವುದು ಅಂತ ವಾರದಲ್ಲಿ ಒಂದೆರಡು ದಿನವಾದರೂ ಹೋಗುತ್ತದೆ. ಆ ದಿನ ಅವರ ಕಣ್ಣು ಫೋನಿನಲ್ಲಿ ಇರುತ್ತದೆ, ಮಕ್ಕಳು ಅವರ ಮುಖ ನೋಡಿ ನೋಡಿ ಸುಮ್ಮನಾಗುತ್ತಾರೆ. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಮಾಡಿದ ಪ್ರಯೋಗ ಒಂದಿದೆ. ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಏನೂ ತೋರಿಸದೆ ಕೂರುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಏನೂ ನಡೆಯದಿದ್ದಾಗ ಕಂಗಾಲಾಗುತ್ತದೆ. ಫೋನಿನ ದಿನ ಮನೆಗೆ ಬಂದ ಮಗಳ ಹತ್ತಿರ ಹೇಳಲು ಜಾಸ್ತಿ ಏನೂ ಇರುವುದಿಲ್ಲ. ಇದು ಟೀಚರ್ ತಪ್ಪಲ್ಲ. ಆ ಕೆಲಸಕ್ಕೆ ಬೇರೆ ಜನ ಬೇಕು.

ಮೂರನೇ ವಾರ ಸಂಜೆ ಕರೆದುಕೊಂಡು ಬರಲು ಹೋದಾಗ ಟೀಚರ್ ಬಾಗಿಲಲ್ಲೇ ನಿಲ್ಲಿಸಿದರು. ಮಗಳು ಅವತ್ತು ಹೊಂಗೆ ಕಾಯಿ ತಂದಿದ್ದಳಂತೆ, ಅಲ್ಲಾಡಿಸಿ 'ಒಳಗೆ ಯಾರೋ ಇದ್ದಾರೆ' ಅಂದಳಂತೆ. ಅದನ್ನು ಒಡೆದು ನೋಡುವುದೋ ಬೇಡವೋ ಅಂತ 18 ಮಕ್ಕಳೂ ಊಟದವರೆಗೆ ವಾದ ಮಾಡಿದ್ದಾರೆ. ಈಗ ಮನೆಯಲ್ಲಿ ನಾನು ಏನಾದರೂ ಹೇಳಿದರೆ ನನ್ನ ಮುಖವನ್ನೇ ನೋಡಿ 'ಯಾಕಿರಬಹುದು?' ಅನ್ನುತ್ತಾಳೆ, ಅಂದು ಕಾಯುತ್ತಾಳೆ.

ನಿಮ್ಮ ಹತ್ತಿರದ ಅಂಗನವಾಡಿಯಾಗಲಿ, ಬೇರೆ ಯಾವ ಶಾಲೆಯಾಗಲಿ, ಸೇರಿಸುವ ಮೊದಲು ಕೇಳಿಕೊಂಡು ಅರ್ಧ ಗಂಟೆ ಮೂಲೆಯಲ್ಲಿ ಕೂತು ನೋಡಿ. ಗೋಡೆ ನೋಡಬೇಡಿ. ಒಂದು ಮಗು ತಾನಾಗಿ ಏನಾದರೂ ಅಂದಾಗ ಟೀಚರ್ ತಲೆ ಯಾವ ಕಡೆ ತಿರುಗುತ್ತದೆ ಅಂತ ನೋಡಿ. ನಮ್ಮಲ್ಲಿ ಶುಲ್ಕ ಏನೂ ಇಲ್ಲ. ಹೋಗುವಾಗ ಮಗುವಿನ ಆಧಾರ್, ಲಸಿಕೆ ಕಾರ್ಡ್ ಇಟ್ಟುಕೊಂಡಿರಿ, ಮತ್ತು ಹತ್ತೂವರೆ ಆದ ಮೇಲೆ ಹೋಗಿ, ಅಷ್ಟು ಹೊತ್ತಿಗೆ ಹಾಲು ಕುಡಿದು ಮಕ್ಕಳು ಮಾತಿಗೆ ಶುರು ಮಾಡಿರುತ್ತಾರೆ.